ಊರಾಚೆ ಕುದುರೆ, ಊರೊಳಗೆ ಎಮ್ಮೆ

ಬೀಳ್ಕೊಡುಗೆಯ ದಿನ ಹಾರ ಹಾಕಿಸಿಕೊಳ್ಳಬೇಕಾದವರೇ ಕುರ್ಚಿಯಲ್ಲಿ ಇರಲಿಲ್ಲ. ಹೆಡ್‌ಮಾಸ್ಟರು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು, "ಶಿಸ್ತಿಗೆ ಇನ್ನೊಂದು ಹೆಸರು" ಎಂದು ಶುರುಮಾಡಿ, ಪಕ್ಕಕ್ಕೆ ತಿರುಗಿದರೆ ಕುರ್ಚಿ ಖಾಲಿ. ಹುಡುಕಿಕೊಂಡು ಬರಲು ನನ್ನನ್ನು ಕಳಿಸಿದರು. ಎಲ್ಲಿರುತ್ತಾರೆಂದು ನನಗೆ ಗೊತ್ತಿತ್ತು. ಬೇವಿನ ಮರದಡಿ ನಿಲ್ಲಿಸಿದ್ದ ತಮ್ಮ ಹಳೇ ವ್ಯಾನಿನ ಪಕ್ಕ, ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಿಂದಿನ ಚಕ್ರಕ್ಕೆ ಕಾಲಿನ ಪಂಪಿನಿಂದ ಗಾಳಿ ತುಂಬುತ್ತಿದ್ದರು.

"ಅಕ್ಕಾ, ಅಲ್ಲಿ ನಿಮ್ಮನ್ನ ಹೊಗಳ್ತಾ ಇದಾರೆ!"

"ಒಗಳ್ಲಿ ಬಿಡು ಮೇಡಮ್ಮ, ಆಮೇಕ ಬಂದು ಕೇಳಾನ. ಗಾಳಿ ಇಳಿದಿರೋ ಚಕ್ರ ಇಟ್ಕಂಡು ಪೇಟೆ ಒಳಗೆ ಓದ್ರೆ ಇದು ಎಂಗೆ ಕುಡೀತದೆ ಅಂತ ನಿಂಗೊತ್ತಲ್ಲ!"

ಗೊತ್ತಿತ್ತು. ಬಂಗಾರಪೇಟೆಯ ನಮ್ಮ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ವ್ಯಾನು ಊರೊಳಗೆ ಎಷ್ಟು ಪೆಟ್ರೋಲು ಕುಡಿಯುತ್ತದೆ ಎನ್ನುವುದು ಸ್ಟಾಫ್ ರೂಮಿನಲ್ಲಿ ಮಳೆ, ಬೆಳೆ, ಪಗಾರಕ್ಕಿಂತ ದೊಡ್ಡ ವಿಷಯವಾಗಿದ್ದ ಕಾಲವೊಂದಿತ್ತು.

ಅವರು ನಮ್ಮ ದೈಹಿಕ ಶಿಕ್ಷಣದ ಟೀಚರು. ಮಕ್ಕಳಿಗೆ ಪಿ.ಟಿ. ಮೇಡಂ, ನಮಗೆಲ್ಲ ಪಿ.ಟಿ. ಅಕ್ಕ. ಬಂಗಾರಪೇಟೆಗೆ ಹತ್ತಿರದ ಹಳ್ಳಿಯವರು. ಮದುವೆ ಮಾಡಿಕೊಳ್ಳಲಿಲ್ಲ, ಅಣ್ಣ ಅತ್ತಿಗೆಯ ಜೊತೆಗಿದ್ದರು. ಮನೆಯಲ್ಲಿ ಒಂದಿಷ್ಟು ಹೊಲ, ಸೀಮೆಹಸುಗಳು. ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿಸಿ ಶಾಲೆಗೆ ಬರುತ್ತಿದ್ದರು. ಬರುತ್ತಿದ್ದರು ಎಂದರೆ ಸಾಲದು. ಅವರು ನಡೆದದ್ದನ್ನು ನಾನು ಕಂಡದ್ದೇ ಕಡಿಮೆ. ಹಾಜರಿ ಪುಸ್ತಕಕ್ಕೆ ಸಹಿ ಹಾಕಲೂ ಓಡುತ್ತಲೇ ಬರುವರು. ಕನ್ನಡದಲ್ಲಿ ಬೈಯಲು ಶುರುಮಾಡಿ ತೆಲುಗಿನಲ್ಲಿ ಮುಗಿಸುವರು. ಖುಷಿಯಾದರೆ ಮಾತ್ರ ಪೂರ್ತಿ ತೆಲುಗು. "ಪದ ಪದ ಪದ!" ಎಂದು, ಅಂದರೆ ನಡೀರಿ ನಡೀರಿ ಎಂದು, ಅವರು ಅಂಗಳದಲ್ಲಿ ಕೂಗಿದರೆ ಎರಡನೆಯ ಮಹಡಿಯಲ್ಲಿ ಪಾಠ ಕೇಳುತ್ತಿದ್ದ ಮಕ್ಕಳೂ ಎದ್ದು ನಿಲ್ಲುತ್ತಿದ್ದವು.

ನಾನು ಕೆ.ಜಿ.ಎಫ್.ನ ಕೋರಮಂಡಲ್‌ನವಳು, ಸಮಾಜ ವಿಜ್ಞಾನದ ಟೀಚರು. ದಿನಾ ಅಲ್ಲಿಂದ ರೈಲಿನಲ್ಲಿ ಬಂದು ಹೋಗುವವಳು. ಕೆಲಸಕ್ಕೆ ಸೇರಿದ ಮೊದಲ ದಿನವೇ ಅವರು ನನ್ನನ್ನು "ಮೇಡಮ್ಮ" ಎಂದು ಕರೆದರು. ಅದೇ ಉಳಿಯಿತು.

ವ್ಯಾನು ಕೊಂಡದ್ದು ಖೋಖೋ ಹುಡುಗಿಯರಿಗಾಗಿ. ನಮ್ಮ ಶಾಲೆಯ ಹುಡುಗಿಯರ ತಂಡದಲ್ಲಿ ಇದ್ದವರೆಲ್ಲ ಸುತ್ತಲಿನ ಹಳ್ಳಿಗಳ ಮಕ್ಕಳು. ಅಪ್ಪ ಅಮ್ಮ ಕೂಲಿಗೆ ಹೋಗುವವರು. ಸಂಜೆ ಅಭ್ಯಾಸ ಮುಗಿಯುವ ಹೊತ್ತಿಗೆ ಬಸ್ಸು ಹೋಗಿರುತ್ತಿತ್ತು. "ಆಡ್ಲಿ ಮೇಡಮ್ಮೋರೆ, ಬೇಡ ಅನ್ನಲ್ಲ. ಆದ್ರೆ ಕತ್ತಲಾಗೋ ಒತ್ತಿಗೆ ಮನೆ ಬಾಗ್ಲಾಗೆ ಇರಬೇಕು" ಎಂದು ಒಬ್ಬಳ ತಾಯಿ ಹೇಳಿದ್ದೇ ತಡ, ಮುಂದಿನ ವಾರವೇ ಪಿ.ಟಿ. ಅಕ್ಕ ಡ್ರೈವಿಂಗ್ ಕಲಿಯಲು ಸೇರಿಕೊಂಡರು.

ಲೈಸೆನ್ಸ್ ಬಂದ ಮೇಲೆ ಹಳೇ ವ್ಯಾನೊಂದು ಮಾರಾಟಕ್ಕಿದೆಯೆಂದು ಕೇಳಿ ನಾನೇ ಅವರನ್ನು ನಮ್ಮ ಕೆ.ಜಿ.ಎಫ್.ನ ನಂದಿದುರ್ಗ ಗಣಿಯ ಲೈನು ಮನೆಗಳ ಕಡೆ ಕರೆದುಕೊಂಡು ಹೋದೆ. ಮದುವೆಗಳಿಗೆ ಹೂವಿನ ಅಲಂಕಾರ ಮಾಡುತ್ತಿದ್ದ ಮುದುಕರೊಬ್ಬರ ವ್ಯಾನು ಅದು. ಬಾಗಿಲು ಸರಿಸಿದರೆ ಒಳಗೆ ಬಾಡಿದ ಸುಗಂಧರಾಜದ ವಾಸನೆ. ಸೀಟಿನ ಸಂದಿಯಲ್ಲಿ ಒಣಗಿದ ಎಸಳು. ಮುದುಕರು ಬಾನೆಟ್ಟಿನ ಮೇಲೆ ಕೈಯಿಟ್ಟು, "ಕುದಿರೈ ಮಾದಿರಿ ಓಡುಮ್ಮಾ!" ಎಂದರು. ಕುದುರೆ ಹಾಗೆ ಓಡುತ್ತದಂತೆ. ಓಡಿಸಿ ನೋಡಿದೆವು. ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಪಕ್ಕದ ಉದ್ದನೆಯ ರಸ್ತೆಯಲ್ಲಿ ಅದು ಓಡಿತು ನೋಡಿ! ಕಿಟಕಿಯ ಗಾಳಿಗೆ ನನ್ನ ಜಡೆ ಬಿಚ್ಚಿಹೋಯಿತು. ಪಿ.ಟಿ. ಅಕ್ಕ ಸ್ಟೇರಿಂಗ್ ಹಿಡಿದುಕೊಂಡು ಸಣ್ಣ ಹುಡುಗಿಯ ಹಾಗೆ ಕೂಗಿದರು. ಪೆಟ್ರೋಲ್ ಮುಳ್ಳು ಅಲುಗಾಡಲೇ ಇಲ್ಲ. ಅಲ್ಲೇ ಒಪ್ಪಿಕೊಂಡುಬಿಟ್ಟರು.

ಬಂಗಾರಪೇಟೆಯ ಒಳಕ್ಕೆ ಕಾಲಿಟ್ಟ ಮೇಲೆ ಅದರ ಬಣ್ಣ ಬಯಲಾಯಿತು. ಸ್ಟೇಷನ್ ಮುಂದೆ ನಿಲ್ಲು, ಪೇಟೆ ಬೀದಿಯಲ್ಲಿ ತೆವಳು, ಬಸ್ ಸ್ಟ್ಯಾಂಡಿನಲ್ಲಿ ಹಾರ್ನು, ರೈಲ್ವೆ ಗೇಟಿನಲ್ಲಿ ಕಾಯು. ವಾರಕ್ಕೆಂದು ಹಾಕಿಸಿದ ಪೆಟ್ರೋಲು ಬುಧವಾರಕ್ಕೇ ತಳ ಕಾಣುತ್ತಿತ್ತು. ಹುಡುಗಿಯರನ್ನು ಎರಡು ಸರದಿಯಲ್ಲಿ ಮನೆಮನೆಗೆ ಬಿಡುವಾಗಲಂತೂ ಹೆಜ್ಜೆಗೊಮ್ಮೆ ನಿಲ್ಲಿಸಬೇಕು, ಹೆಜ್ಜೆಗೊಮ್ಮೆ ಎತ್ತಬೇಕು.

"ಊರಾಚೆ ಕುದುರೆ, ಊರೊಳಗೆ ಎಮ್ಮೆ ಕಣ್ ಮೇಡಮ್ಮ. ಎಮ್ಮೆಗೆ ಕೆರೆ ಕಂಡಂಗೆ ಇದುಕ್ಕೆ ಬಂಕ್ ಕಾಣ್ತದೆ. ಅತ್ಲಾಗೇ ಎಳೀತದೆ" ಎಂದು ಅವರೇ ಹೇಳಿ ನಕ್ಕರು. ನಕ್ಕವರು ಬಿಡಲಿಲ್ಲ. ಹನ್ನೆರಡು ಹುಡುಗಿಯರನ್ನು ಓಟಕ್ಕೆ ತಯಾರು ಮಾಡಿದಂತೆಯೇ ಆ ವ್ಯಾನನ್ನೂ ತಯಾರು ಮಾಡಲು ನಿಂತರು.

ಮೊದಲು ಭಾರ ಇಳಿಸಲೆಂದು ಮೇಲಿನ ಕ್ಯಾರಿಯರ್ ಬಿಚ್ಚಿಹಾಕಿದರು. ಗಾಳಿ ಸೋಸುವ ಫಿಲ್ಟರ್ ಹೊಸದು ಬಂತು, ಪ್ಲಗ್ಗು ಹೊಸದು ಬಂತು. ಆಮೇಲೆ ಬರಿಗಾಲಿನಲ್ಲಿ ಓಡಿಸಲು ಶುರುಮಾಡಿದರು. "ಚಪ್ಪಲಿ ಆಕ್ಕಂಡ್ರೆ ಎಷ್ಟು ಒತ್ತಿದೀನಿ ಅಂತ ಕಾಲಿಗೆ ತಿಳಿಯಲ್ಲ" ಎಂದು ಚಪ್ಪಲಿಯನ್ನು ನನ್ನ ಕೈಗೆ ಕೊಡುವರು. ನಾನು ಅದನ್ನು ಪ್ರಸಾದದಂತೆ ತೊಡೆಯ ಮೇಲಿಟ್ಟುಕೊಂಡು ಕೂರಬೇಕು. ಒಮ್ಮೆ ಗಣಿತದ ಮೇಷ್ಟ್ರು ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಬಿಡಿ ಎಂದು ಬಂದಾಗ, ಅವರ ಹೊಟ್ಟೆಯನ್ನೂ ಕೈಯಲ್ಲಿದ್ದ ಖಾಲಿ ಟಿಫನ್ ಕ್ಯಾರಿಯರನ್ನೂ ನೋಡಿ, "ಊಟಕ್ಕೆ ಮುಂಚೆ ಕೇಳಿದ್ರೆ ಬಿಡ್ತಿದ್ದೆ ಸಾರ್" ಎಂದರು. ಮೇಷ್ಟ್ರು ಕೋಪಿಸಿಕೊಂಡು ನಡೆದೇ ಹೋದರು. ಮರುದಿನ ಅವರ ಮೇಜಿನ ಮೇಲೆ ಹಾಲು ಕೋವದ ಪೊಟ್ಟಣ ಇತ್ತು. ಯಾರನ್ನಾದರೂ ನೋಯಿಸಿದರೆ ಪಿ.ಟಿ. ಅಕ್ಕ ಕ್ಷಮೆ ಕೇಳುತ್ತಿರಲಿಲ್ಲ, ತಿನ್ನಲು ಏನಾದರೂ ತರುತ್ತಿದ್ದರು.

ಏನು ಮಾಡಿದರೂ ಎಮ್ಮೆ ಎಮ್ಮೆಯೇ. ರಾಬರ್ಟ್‌ಸನ್‌ಪೇಟೆಯ ಮೆಕ್ಯಾನಿಕ್ ಕೈ ಚೆಲ್ಲಿ, "ಪಳಯ ವಂಡಿಮ್ಮಾ" ಎಂದ. ಹಳೇ ಗಾಡಿ, ಇಷ್ಟೇ, ಎಂದು. ಮನೆಯಲ್ಲಿ ಅಣ್ಣ ದಿನಾ ಊಟಕ್ಕೆ ಕೂತಾಗ ಪೆಟ್ರೋಲಿನ ಖರ್ಚಿನ ಮಾತೇ ತೆಗೆಯುತ್ತಿದ್ದರಂತೆ. ಕೊನೆಗೆ ಗುಜರಿಯವನಿಗೆ ಹೇಳಿಯೂ ಬಂದರು. ವ್ಯಾನು ಹೋದರೆ ತಂಡವೂ ಹೋಗುತ್ತದೆ ಎನ್ನುವುದು ಪಿ.ಟಿ. ಅಕ್ಕನಿಗೆ ಗೊತ್ತಿತ್ತು. ಅಣ್ಣನ ಎದುರಿಗೆ ಮಾತ್ರ ಅವರ ಗಂಟಲು ಏಳುತ್ತಿರಲಿಲ್ಲ. "ನಮ್ಮಪ್ಪ ತೀರ್ಕಂಡ್ಮೇಲೆ ನನ್ನ ಓದಿಸಿದ್ದು ಅವನು ಮೇಡಮ್ಮ. ಎಂಗೆ ಎದುರು ಮಾತಾಡ್ಲಿ?" ಎಂದು ಒಂದು ಸಂಜೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಹೇಳಿದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದೊಂದು ಸಲ ಕೇಳಿದ್ದು.

ಅದಾದ ಕೆಲವೇ ದಿನಕ್ಕೆ ಶಾಲೆಯ ಅಂಗಳದಲ್ಲಿ ವ್ಯಾನು ಸ್ಟಾರ್ಟ್ ಆಗಲಿಲ್ಲ. ತಳ್ಳಲು ಹುಡುಗಿಯರನ್ನು ಕರೆದರು. ಇಡೀ ತಂಡ ಹಿಂದೆ ನಿಂತು ತಳ್ಳಿದರೂ ವ್ಯಾನು ಮುಲುಕುತ್ತಾ ಎರಡು ಮಾರು ಹೋಗಿ ನಿಂತಿತು. ಮಕ್ಕಳು ಏದುಸಿರು ಬಿಡುತ್ತಿದ್ದವು. ಪಿ.ಟಿ. ಅಕ್ಕ ಸೀಟಿನಿಂದ ಇಳಿದು ಬಂದವರು ಅಲ್ಲೇ ನಿಂತುಬಿಟ್ಟರು.

"ಏಯ್, ನ್ಯೂಟ್ರಲ್‌ನಾಗೇ ಅದೆಯಲ್ಲೇ! ನೆಲ ಮಟ್ಟಸವಾಗದೆ. ನಿಮ್ಮಂಥ ಗಟ್ಟಿ ಉಡುಗೀರು ತಳ್ಳಿದ್ರೂ ಉರುಳಲ್ಲ ಅಂದ್ರೆ ಆ ಇಂಜಿನ್ನು ಒಂದೇ ಎಂಗೆ ಎಳೀತದೆ?"

ಪಟ್ಟು ಹಿಡಿದು ಸ್ಟಾರ್ಟ್ ಮಾಡಿ ಪೇಟೆಯಲ್ಲಿ ಒಂದು ಸುತ್ತು ಹೊಡೆದು ಬಂದು, ಇಳಿದವರೇ ಒಂದೊಂದು ಚಕ್ರಕ್ಕೂ ಜ್ವರ ನೋಡುವಂತೆ ಕೈ ಇಟ್ಟರು. ಮುಂದಿನ ಎಡಗಡೆಯದಕ್ಕೆ ಇಟ್ಟ ಕೈಯನ್ನು ಫಕ್ಕನೆ ಎಳೆದುಕೊಂಡರು. "ಬಾ ಮೇಡಮ್ಮ, ದೋಸೆ ಉಯ್ಯಾನ!" ಅದರ ಬ್ರೇಕು ಹಿಡಿದುಕೊಂಡೇ ಇತ್ತು. ನಾವು ಓಡಿಸುತ್ತಿದ್ದಷ್ಟು ದಿನವೂ ಅದು ಒಂದು ಕಾಲನ್ನು ಎಳೆದುಕೊಂಡೇ ಓಡುತ್ತಿತ್ತು. ಊರಾಚೆ, ಬ್ರೇಕು ತುಳಿಯುವ ಕೆಲಸವೇ ಇಲ್ಲದ ಕಡೆ, ಬಿಡಿಸಿಕೊಳ್ಳುತ್ತಿತ್ತು. ಊರೊಳಗೆ ತುಳಿದಾಗಲೆಲ್ಲ ಕಚ್ಚಿಕೊಳ್ಳುತ್ತಿತ್ತು.

ಮೆಕ್ಯಾನಿಕ್ ಬಿಚ್ಚಿ, ತುಕ್ಕು ಕೆರೆದು, ಸರಿಮಾಡಿ ಕೊಟ್ಟ ದಿನ ನಾನೂ ಇದ್ದೆ. ಪಿ.ಟಿ. ಅಕ್ಕ ಒಂದು ಕೈಯಿಂದ ವ್ಯಾನನ್ನು ತಳ್ಳಿದರು. ಉರುಳಿತು! ಅಂಗಡಿಯ ಮುಂದೆಯೇ ಅದನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತಾ, "ತೊಟ್ಲು ಮೇಡಮ್ಮ, ತೊಟ್ಲು!" ಎಂದು ನಕ್ಕರು. ಮೆಕ್ಯಾನಿಕ್ಕನೂ ನಕ್ಕ, ಅವನ ಅಂಗಡಿಗೆ ಬಂದವರೆಲ್ಲ ನಕ್ಕರು.

ಆದರೆ ಅಣ್ಣ ನಂಬಲಿಲ್ಲ. ಬಂಗಾರಪೇಟೆ ಸ್ಟೇಷನ್ ಮುಂದಿನ ವ್ಯಾನ್ ಸ್ಟ್ಯಾಂಡಿನವರೂ ನಂಬಲಿಲ್ಲ. ಅವರ ಮುಖಂಡನಿಗೆ ಊರೆಲ್ಲ ಮೀಸೆಯಣ್ಣ ಎನ್ನುತ್ತಿತ್ತು. ಅವನ ವ್ಯಾನೂ ಅದೇ ಜಾತಿಯದು, ನಮ್ಮದಕ್ಕಿಂತ ಎಷ್ಟೋ ಹೊಸದು. ಒಂದು ಬೆಳಗ್ಗೆ ನಾನು ರೈಲಿಳಿದು ಬರುವಾಗ ಪಿ.ಟಿ. ಅಕ್ಕ ವ್ಯಾನಿನ ಪಕ್ಕ ನಿಂತಿದ್ದರು. ಯಾರನ್ನೋ ರೈಲು ಹತ್ತಿಸಲು ಬಂದಿದ್ದ ಅಣ್ಣನೂ ಅಲ್ಲೇ ಇದ್ದರು. ಮೀಸೆಯಣ್ಣ ದೂರದಿಂದಲೇ ಕೂಗಿದ.

"ಏನ್ ಮೇಡಮ್ಮೋರೆ, ಎಮ್ಮೆಗೆ ಮೇವಾಯ್ತಾ?"

ಸ್ಟ್ಯಾಂಡೆಲ್ಲ ನಕ್ಕಿತು. ಅಣ್ಣ ತಲೆ ತಗ್ಗಿಸಿದರು. ಅದನ್ನು ನೋಡಿ ಪಿ.ಟಿ. ಅಕ್ಕನಿಗೆ ಏನಾಯಿತೋ! ನಡು ರಸ್ತೆಗೆ ಬಂದು ನಿಂತರು.

"ಪಂದ್ಯ ಕಟ್ಟಾನ ಬಾರಣ್ಣ. ನಿಂಗೊಂದು ಲೀಟ್ರು, ನಂಗೊಂದು ಲೀಟ್ರು. ಊರೊಳಗೇ ಸುತ್ತಾನ. ಯಾರ್ದು ಕಮ್ಮಿ ದೂರ ಓಗಿ ನಿಲ್ತದೋ ಅವರು ಸೋತಂಗೆ. ನಂದು ಸೋತ್ರೆ ಗುಜರಿಗೆ ನಾನೇ ಓಡಿಸ್ಕಂಡು ಓಗಿ ಬಿಟ್ಟು ಬತ್ತೀನಿ."

ಕೊನೆಯ ಮಾತನ್ನು ಅಣ್ಣನ ಕಡೆ ತಿರುಗಿ ಹೇಳಿದರು.

"ನಂದು ಸೋತ್ರೆ?" ಮೀಸೆಯಣ್ಣ ಕೇಳಿದ.

"ಕೋಲಾರದಾಗೆ ಜಿಲ್ಲಾ ಮ್ಯಾಚ್ ಅದೆ. ನನ್ನ ವ್ಯಾನಾಗೆ ಟೀಮೆಲ್ಲ ಇಡಿಯಲ್ಲ. ಅರ್ಧ ಉಡುಗೀರ್ನ ನೀನು ಕರ್ಕಂಡು ಓಗಿ, ಕರ್ಕಂಡು ಬರಬೇಕು."

"ಆಯ್ತು. ಭಾನುವಾರ ರಸ್ತೆ ಖಾಲಿ ಇರ್ತದೆ, ಅವತ್ತು ಇಟ್ಕಳಾನ."

"ಖಾಲಿ ಊರು ಒಂದು ಊರೇನಣ್ಣ? ಗೌರಿ ಅಬ್ಬದ ಇಂದಿನ ದಿನ ಇಟ್ಕ. ಪೇಟೆ ತುಂಬಿರಬೇಕು!"

ಹಬ್ಬದ ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ಪಂದ್ಯ. ಟ್ಯಾಂಕಿನ ಪೈಪು ಬಿಡಿಸಿ, ಸೀಟಿನ ಹಿಂದೆ ಬಾಟಲಿ ಕಟ್ಟಿ, ಅದರಿಂದ ಇಂಜಿನ್ನಿಗೆ ಟ್ಯೂಬು ಕೊಟ್ಟವನು ಅದೇ ರಾಬರ್ಟ್‌ಸನ್‌ಪೇಟೆಯ ಮೆಕ್ಯಾನಿಕ್. ಇಬ್ಬರಿಗೂ ಅವನೇ ಕಟ್ಟಿದ. ಸಾಕ್ಷಿಗೆಂದು ಗಣಿತದ ಮೇಷ್ಟ್ರು ಮೀಸೆಯಣ್ಣನ ವ್ಯಾನಿನಲ್ಲಿ, ಮೀಸೆಯಣ್ಣನ ಭಾವಮೈದ ನಮ್ಮ ವ್ಯಾನಿನಲ್ಲಿ. ನಾನು ಬಾಟಲಿಯ ಪಕ್ಕ, ತೊಡೆಯ ಮೇಲೆ ಚಪ್ಪಲಿ.

ಹೊರಟೆವು. ಸ್ಟೇಷನ್ನಿನಿಂದ ಪೇಟೆ ಬೀದಿ, ಅಲ್ಲಿಂದ ಬಸ್ ಸ್ಟ್ಯಾಂಡು, ರೈಲ್ವೆ ಗೇಟು, ತಿರುಗಿ ಸ್ಟೇಷನ್ನು. ಮೀಸೆಯಣ್ಣ ಬಾಣದಂತೆ ಮುಂದೆ ಹೋದ. ಪಿ.ಟಿ. ಅಕ್ಕ ಹಾಲಿನ ಪಾತ್ರೆ ಹೊತ್ತವರಂತೆ ಹೊರಟರು. ಎಲ್ಲಿ ಎಮ್ಮೆಯ ಹಿಂಡು ಬರುತ್ತದೆ, ಎಲ್ಲಿ ಆಟೋದವನು ಗಕ್ಕನೆ ನಿಲ್ಲಿಸುತ್ತಾನೆ ಎಂಬುದು ಮೊದಲೇ ತಿಳಿದವರಂತೆ ದೂರದಲ್ಲೇ ಕಾಲು ತೆಗೆಯುವರು. ಬ್ರೇಕು ತುಳಿಯುವ ಹೊತ್ತಿಗೆ ದಾರಿ ತೆರೆದಿರುತ್ತಿತ್ತು. "ಖೋಖೋದಾಗೂ ಇಷ್ಟೇ. ಓಡಾಕೆ ಮುಂಚೆ ಸಂದು ನೋಡ್ಕಬೇಕು" ಎಂದರು. ಅವರ ಹಣೆಯಲ್ಲಿ ಮಾತ್ರ ಬೆವರು ಹನಿಗಟ್ಟಿತ್ತು.

ಗೇಟು ಬಿತ್ತು. ಉದ್ದನೆಯ ಗೂಡ್ಸು. ಮುಂದೆ ನಿಂತ ಮೀಸೆಯಣ್ಣ ನೆರೆದ ಜನರ ಎದುರು ಜಂಭಕ್ಕೆ ಇಂಜಿನ್ ಗುರ್ ಗುರ್ ಅನ್ನಿಸುತ್ತಿದ್ದ. ಪಿ.ಟಿ. ಅಕ್ಕ ಟಕ್ಕೆಂದು ಕೀ ತಿರುಗಿಸಿ ಆಫ್ ಮಾಡಿದರು.

ಭಾವಮೈದ ಹಿಂದಿನಿಂದ ಎಗರಿದ. "ಆಫ್ ಮಾಡಂಗಿಲ್ಲ!"

"ಯಾರಪ್ಪ ಏಳಿದ್ದು? ಗೂಡ್ಸು ಓಗೋ ಗಂಟ ಇಂಜಿನ್ಗೆ ಅಲ್ಲೇನು ಕೆಲಸ?"

ಅವನು ಮತ್ತೆ ಸೀಟಿಗೆ ಒರಗಿದ.

ಸುತ್ತಿದ ಮೇಲೆ ಸುತ್ತು, ಪ್ರತಿ ಸುತ್ತಿನಲ್ಲೂ ಅವನು ಸ್ವಲ್ಪ ಮುಂದೆ, ನಾವು ಹಿಂದೆ. ಜನಕ್ಕೆ ಸುದ್ದಿ ಹೋಗಿ, ಹೂವಿನ ಅಂಗಡಿಯ ಹೆಂಗಸರು ನಾವು ಬಂದಾಗಲೆಲ್ಲ ಕೈ ಎತ್ತಿ ಕೂಗತೊಡಗಿದರು. ಬಾಟಲಿಯಲ್ಲಿ ಪೆಟ್ರೋಲು ಇಳಿಯುತ್ತಾ ಇಳಿಯುತ್ತಾ ತಳದ ಗೆರೆಯಾಯಿತು. ಆಮೇಲೆ ಗೆರೆಯೂ ಇಲ್ಲ.

"ಅಕ್ಕಾ, ಬಾಟ್ಲಿ ಖಾಲಿ!"

"ಟ್ಯೂಬ್ನಾಗೆ ಅದೆ, ಸುಮ್ಕಿರು!"

ಪೇಟೆ ಬೀದಿಗೆ ತಿರುಗಿದರೆ ಎದುರಿಗೆ ಮೀಸೆಯಣ್ಣನ ವ್ಯಾನು ನಿಂತುಹೋಗಿತ್ತು! ಸೇವಂತಿಗೆ ರಾಶಿಯ ಮುಂದೆ, ಬಾಗಿಲು ತೆಗೆದು, ಗಣಿತದ ಮೇಷ್ಟ್ರು ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದರು. ಅದನ್ನು ದಾಟಬೇಕು. ದಾಟಿದರೆ ಸಾಕು. ಆದರೆ ನಡುವೆ ಬಾಳೆಕಂದು ತುಂಬಿದ ತಳ್ಳುಗಾಡಿಯೊಂದು ಅಡ್ಡ ನಿಂತಿತ್ತು. ನಮ್ಮ ಇಂಜಿನ್ನು ಒಮ್ಮೆ ಬಿಕ್ಕಿತು. ಪಿ.ಟಿ. ಅಕ್ಕ ಹಾರ್ನು ಹೊಡೆಯಲಿಲ್ಲ, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಅಂಗಳದಲ್ಲಿ ಕೂಗುವ ಗಂಟಲಿನಲ್ಲಿ ಕೂಗಿದರು.

"ಪದ ಪದ ಪದಾ!"

ಬಾಳೆಕಂದಿನವನು ಬೆಚ್ಚಿ ಗಾಡಿಯನ್ನು ಎಳೆದುಕೊಂಡ. ವ್ಯಾನು ಇನ್ನೊಮ್ಮೆ ಬಿಕ್ಕಿತು, ಮುಗ್ಗರಿಸಿತು, ಮೀಸೆಯಣ್ಣನ ಹಿಂದಿನ ಚಕ್ರ, ಬಾಗಿಲು, ಮುಂದಿನ ಲೈಟು ಒಂದೊಂದಾಗಿ ನನ್ನ ಕಿಟಕಿಯಲ್ಲಿ ಹಿಂದಕ್ಕೆ ಸರಿದವು. ಅವನ ವ್ಯಾನಿಗಿಂತ ಒಂದು ಮಾರು ಮುಂದೆ ಹೋಗಿ ಸದ್ದಿಲ್ಲದೆ ನಿಂತಿತು.

ಆ ಬೀದಿ ಹಾಕಿದ ಕೇಕೆ! ನಾನು ಒಂದು ಕೈಯಲ್ಲಿ ಒಂದೊಂದು ಚಪ್ಪಲಿ ಹಿಡಿದು ರಸ್ತೆಯಲ್ಲಿ ಕುಣಿದೆನೆಂದು ಗಣಿತದ ಮೇಷ್ಟ್ರು ಈಗಲೂ ಹೇಳುತ್ತಾರೆ. ಮೀಸೆಯಣ್ಣ ಹೂವಿನವಳ ಹತ್ತಿರ ಸೇವಂತಿಗೆ ಹಾರ ತೆಗೆದುಕೊಂಡು ಬಂದು, ನಮ್ಮ ವ್ಯಾನಿನ ಮುಖಕ್ಕೆ ಹಾಕಿ ಕೈ ಮುಗಿದ. "ಎಮ್ಮೆ ಅಂದಿದ್ದು ತಪ್ಪಾಯ್ತು ತಾಯಿ" ಎಂದು ಅವನು ಹೇಳಿದ್ದು ವ್ಯಾನಿಗೇ, ಪಿ.ಟಿ. ಅಕ್ಕನಿಗಲ್ಲ.

ಅಣ್ಣ ಜನರ ನಡುವೆ ಬಾಗಿನದ ಸಾಮಾನಿನ ಚೀಲ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. ಹತ್ತಿರ ಬಂದು, "ಗುಜರಿಯವನಿಗೆ ನಾನೇ ಏಳ್ತೀನಿ ಬಿಡು" ಎಂದಷ್ಟೇ ಹೇಳಿ ಹೊರಟುಹೋದರು. ಅಷ್ಟು ಹೊತ್ತು ಗಟ್ಟಿಯಾಗಿದ್ದ ಪಿ.ಟಿ. ಅಕ್ಕ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಅತ್ತುಬಿಟ್ಟರು.

ಕೋಲಾರಕ್ಕೆ ಎರಡು ವ್ಯಾನಿನಲ್ಲಿ ಹೋದೆವು. ಹುಡುಗಿಯರು ಫೈನಲ್‌ವರೆಗೆ ಬಂದು ಒಂದೇ ಪಾಯಿಂಟಿನಲ್ಲಿ ಸೋತರು. ಗೆರೆಯ ಹೊರಗೆ ನಿಂತು ಅತಿಯಾಗಿ ಕೂಗಿದ್ದಕ್ಕೆ ಅಂಪೈರು ಎಚ್ಚರಿಕೆ ಕೊಟ್ಟದ್ದು ಪಿ.ಟಿ. ಅಕ್ಕನಿಗಲ್ಲ, ಮೀಸೆಯಣ್ಣನಿಗೆ. ಮರುವರ್ಷ ಅವನನ್ನು ಕರೆಯಬೇಕಾಗಲಿಲ್ಲ, ತಾನೇ ವ್ಯಾನು ತೊಳೆದುಕೊಂಡು ಬಂದು ಶಾಲೆಯ ಮುಂದೆ ನಿಂತಿದ್ದ.

ಇಂಥವರು ಈ ಬೇಸಿಗೆಯಲ್ಲಿ ನಿವೃತ್ತರಾದರು. ಇನ್ನು ವ್ಯಾನಿಗೆ ವಿಶ್ರಾಂತಿ ಎಂದುಕೊಂಡೆ. ಒಂದು ಭಾನುವಾರ ಫೋನು ಬಂತು. "ಮೇಡಮ್ಮ, ನಂದಿದುರ್ಗದ ಬಯಲಿಗೆ ಬಾ. ಬೇಗ!" ಹೋಗಿ ನೋಡಿದರೆ ವ್ಯಾನಿಗೆ ಕೆಂಪು ‘ಎಲ್’ ಬೋರ್ಡು. ಪಿ.ಟಿ. ಅಕ್ಕ ಎಡಗಡೆ ಸೀಟಿನಲ್ಲಿ. ಸ್ಟೇರಿಂಗಿನಲ್ಲಿ ಅವರ ಅತ್ತಿಗೆ! ಆ ಹೆಂಗಸು ಹಾಲಿನ ಡೈರಿಯಿಂದಾಚೆ ಒಂಟಿಯಾಗಿ ಹೋದವರಲ್ಲ. ಕೂದಲು ಅರ್ಧ ಬೆಳ್ಳಗಾಗಿದೆ. ಹಲ್ಲು ಕಚ್ಚಿಕೊಂಡು, ಫಸ್ಟ್ ಗೇರಿನಲ್ಲೇ ಬಯಲನ್ನು ಸುತ್ತುತ್ತಿದ್ದರು. ಇಂಜಿನ್ನು ಅರಚುತ್ತಿತ್ತು. ಗಕ್ಕನೆ ನಿಲ್ಲುವುದು, ಆರುವುದು, ಮತ್ತೆ ಸ್ಟಾರ್ಟು.

"ಅಕ್ಕಾ, ಪೆಟ್ರೋಲು!" ಎಂದೆ ನಾನು, ತಡೆಯಲಾರದೆ.

"ಕುಡೀಲಿ ಮೇಡಮ್ಮ!" ಎಂದರು. ಮುಖವೆಲ್ಲ ನಗು. "ಇವತ್ತು ಮೂರ್ ಸಲ ಸೆಕೆಂಡ್ ಗೇರಿಗೆ ಆಕೌಳೆ ನಮ್ಮತ್ತಿಗೆ. ನೋಡಿದ್ಯಾ?"

ಮನೆಯಲ್ಲಿ ಅಣ್ಣನಿಗೆ ಗೊತ್ತಾ ಎಂದು ಕೇಳಿದರೆ ಇಬ್ಬರೂ ಒಟ್ಟಿಗೆ ನಕ್ಕರು. ಭಾನುವಾರಗಳು ಕಳೆದವು. ಅತ್ತಿಗೆಗೆ ಲೈಸೆನ್ಸ್ ಸಿಕ್ಕ ದಿನ ನನ್ನನ್ನೂ ಹತ್ತಿಸಿಕೊಂಡು ಅವರೇ ಕೆ.ಜಿ.ಎಫ್.ನಿಂದ ಊರಿಗೆ ಹೊರಟರು. ಬಂಗಾರಪೇಟೆಯ ಪೇಟೆ ಬೀದಿಯಲ್ಲಿ ನಾನು ಸೀಟಿನ ತುದಿಗೆ ಬಂದಿದ್ದೆ. ಪಿ.ಟಿ. ಅಕ್ಕ ಮಾತ್ರ ತುಟಿ ಬಿಚ್ಚಲಿಲ್ಲ, ಕೈಯನ್ನೂ ಹ್ಯಾಂಡ್ ಬ್ರೇಕಿನ ಹತ್ತಿರ ತರಲಿಲ್ಲ. ಅತ್ತಿಗೆ ಎರಡು ಸಲ ಆರಿಸಿ, ಎರಡು ಸಲವೂ ತಾವೇ ಎತ್ತಿಕೊಂಡು, ಊರು ದಾಟಿ, ಹಳ್ಳಿಗೆ ತಿರುಗಿದರು.

ಸಂಜೆಯ ಹಾಲಿನ ಹೊತ್ತು. ಡೈರಿಯ ಮುಂದೆ ಅಣ್ಣ ಖಾಲಿ ಕ್ಯಾನು ಹಿಡಿದು ನಿಂತಿದ್ದರು. ತಂಗಿಯ ವ್ಯಾನು ಬಂತೆಂದು ಸುಮ್ಮನೆ ಕಣ್ಣೆತ್ತಿದವರು ಹಾಗೇ ನಿಂತುಬಿಟ್ಟರು. ಅತ್ತಿಗೆ ಅವರ ಮುಂದೆಯೇ ವ್ಯಾನು ನಿಲ್ಲಿಸಿ, ಸೆರಗಿನಿಂದ ಕತ್ತು ಒರೆಸಿಕೊಂಡರು.

"ಏನ್ ಅಂಗೆ ನೋಡ್ತೀರ? ಕ್ಯಾನು ಒಳಗಿಟ್ಟು ಅತ್ತಿ."

ಅಣ್ಣ ಹೆಂಡತಿಯನ್ನು ನೋಡಿದರು, ತಂಗಿಯನ್ನು ನೋಡಿದರು. ತಂಗಿ ಕಿಟಕಿಯಾಚೆ ಮುಖ ಮಾಡಿ ಕೂತಿದ್ದರು. ನಗುವಿಗೆ ಅವರ ಭುಜ ಅಲುಗುತ್ತಿತ್ತು. ಅಣ್ಣ ಕ್ಯಾನು ಒಳಗಿಟ್ಟು, ತಲೆ ಬಗ್ಗಿಸಿ ಹತ್ತಿ, ನನ್ನ ಪಕ್ಕ ಕೂತು, ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

"ಮೆಲ್ಲುಕೆ ಓಡ್ಸು" ಎಂದರು.

ಅತ್ತಿಗೆ ಕ್ಲಚ್ಚು ಬಿಟ್ಟರು.